ಆಯಿ ಬೀಜ ಮುಟ್ಟುವುದನ್ನು ಬಿಟ್ಟ ವರ್ಷ

ಈ ಸಲ ಮಿರಗದ, ಅಂದರೆ ಮೃಗಶಿರೆಯ, ಮಳೆ ಬಿದ್ದ ಮೂರನೆಯ ದಿನ ನಮ್ಮ ಹೊಲದ ಬದುವಿನ ಮೇಲೆ ನಾಲ್ಕು ಜನ ಇದ್ದೆವು. ತಮ್ಮ ಬಸಣ್ಣ, ಅವನ ಹೆಂಡತಿ ಶಾಂತಾ, ಟ್ರ್ಯಾಕ್ಟರ್ ತಂದಿದ್ದ ಸಲೀಮ, ಮತ್ತು ನಾಲ್ಕು ದಿನ ಇದ್ದು ಹೋಗೋಣವೆಂದು ತವರಿಗೆ ಬಂದಿದ್ದ ನಾನು. ಬಸಣ್ಣ ಸೋಯಾ ಬೀಜದ ಚೀಲದ ಬಾಯಿಗೆ ಹೊಲಿದಿದ್ದ ದಾರವನ್ನು ಒಂದೇ ಎಳೆತಕ್ಕೆ ಬಿಚ್ಚಿದ. ಒಳಗಿನಿಂದ ಒಂದು ವಾಸನೆ ಎದ್ದು ಬಂತು. ಔಷಧಿ ಅಂಗಡಿಯದೂ ಅಲ್ಲ, ಬಣ್ಣದ ಡಬ್ಬಿಯದೂ ಅಲ್ಲ, ಎರಡನ್ನೂ ಕಲಸಿ ಬಿಸಿಲಲ್ಲಿ ಇಟ್ಟಂಥ ವಾಸನೆ. ಕಾಳಿಗೆಲ್ಲ ಕೆಂಪು ಬಣ್ಣ ಹತ್ತಿತ್ತು. ಹಳೆಯ ರೂಢಿ ನೋಡಿ, ಬೀಜ ಕಂಡ ಕೂಡಲೇ ನನ್ನ ಕೈ ತಾನೇ ಮುಂದೆ ಹೋಯಿತು. "ಏ ಅಕ್ಕಾ, ಬರಿಗೈಲೆ ಮುಟ್ಟಬ್ಯಾಡ! ವಿಷದ ಎಣ್ಣಿ ಹಚ್ಯಾರ ಅದಕ್ಕ" ಎಂದು ಬಸಣ್ಣ ಕೂಗಿದ. ಟ್ರ್ಯಾಕ್ಟರ್ ಮೇಲೆ ಕುಳಿತಿದ್ದ ಸಲೀಮ ನಕ್ಕು, "ಅಕ್ಕಾರು ಮುಟ್ಟಿದ್ರ ಬೀಜಕ್ಕ ಏನೂ ಆಗಲ್ರಿ, ಆದ್ರ ಅಕ್ಕಾರಿಗೇ ಆಗತದ" ಎಂದ. ಶಾಂತಾ ಸೆರಗು ಮೂಗಿಗೆ ಹಿಡಿದುಕೊಂಡೇ ನಕ್ಕಳು. ನಾನೂ ನಕ್ಕು ಕೈ ಹಿಂದೆ ತೆಗೆದುಕೊಂಡೆ. ಆದರೆ ಹಿಂದೆ ಬಂದ ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಬೀಜ ಮುಟ್ಟಲು ಆ ಕೈಗೆ ಕಲಿಸಿದವಳು ನಮ್ಮ ಆಯಿ, ಅಪ್ಪನ ತಾಯಿ. ಬೀಜ ಮುಟ್ಟುವುದನ್ನು ಬಿಟ್ಟವಳೂ ಅವಳೇ.

ನನ್ನ ಎಳೆತನದ ಬೀಜಕ್ಕೆ ಬೇರೆಯೇ ವಾಸನೆ ಇತ್ತು. ಒಲೆಯ ಹೊಗೆ, ಬೂದಿ, ಒಣಗಿದ ಬೇವಿನೆಲೆ, ಇವುಗಳ ಅಡಿಯಲ್ಲಿ ಎಲ್ಲೋ ಜೋಳದ್ದೇ ಆದ ಒಂದು ತಣ್ಣನೆಯ ಸಿಹಿ. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಳಗೆ ಒಂದು ಹರದಾರಿ ನಡೆದರೆ ನಮ್ಮೂರು. ಮಣ್ಣಿನ ಮಾಳಿಗೆಯ ಮನೆ, ಮುಂದೆ ಎತ್ತು ಕಟ್ಟುವ ಜಾಗ, ಒಳಗೆ ಅಡಿಗೆಮನೆ. ಆ ಅಡಿಗೆಮನೆಯ ಜಂತೆಗೆ, ಸರಿಯಾಗಿ ಒಲೆಯ ನೆತ್ತಿಯ ಮೇಲೆ, ಜೋಳದ ತೆನೆಗಳನ್ನು ಎರಡೆರಡಾಗಿ ಜೋಡಿ ಕಟ್ಟಿ ತೂಗುಹಾಕಿರುತ್ತಿದ್ದರು. ದಿನವೂ ರೊಟ್ಟಿ ಸುಟ್ಟ ಹೊಗೆ ಅವಕ್ಕೆ ತಾಗಿ ತಾಗಿ ತೆನೆಗಳು ಬೆಲ್ಲದ ಬಣ್ಣಕ್ಕೆ ತಿರುಗುತ್ತಿದ್ದವು. ಹುಳು ಅವುಗಳ ಹತ್ತಿರ ಸುಳಿಯುತ್ತಿರಲಿಲ್ಲ, ನಾವೂ ಸುಳಿಯುವಂತಿರಲಿಲ್ಲ. ಆಯಿಯ ಗಂಡ, ನಮ್ಮ ಮುತ್ಯಾ, ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಮನೆಯಲ್ಲಿ ಆಯಿ, ಅಪ್ಪ, ಅವ್ವ, ನಾನು, ಬಸಣ್ಣ. ಹೊಲ ಅಪ್ಪನದು, ಒಲೆ ಅವ್ವನದು. ಒಲೆಯ ಮೇಲಿನ ಆ ಜಂತೆ ಮಾತ್ರ ಆಯಿಯದು. ಅಪ್ಪನಾದರೂ ಅಲ್ಲಿಂದ ಒಂದು ತೆನೆ ಇಳಿಸಬೇಕೆಂದರೆ ಆಯಿಯನ್ನು ಕೇಳಬೇಕಿತ್ತು.

ಬೀಜದ ತೆನೆಯನ್ನು ರಾಶಿ ಮಾಡುವಾಗ ಆರಿಸುತ್ತಾರೆಂದು ಕೆಲವರು ತಿಳಿದಿರಬಹುದು. ನಮ್ಮ ಆಯಿ ಹಾಗಲ್ಲ. ಬೆಳೆ ಇನ್ನೂ ನಿಂತಿರುವಾಗಲೇ, ಕೊಯ್ಲಿಗೆ ಎಂಟು ದಿನ ಮೊದಲು, ಇಬ್ಬನಿ ಆರುವ ಹೊತ್ತಿಗೆ ಕುಡುಗೋಲು ಹಿಡಿದು ಹೊಲದ ನಡುವೆ ಹೋಗಿ ನಿಲ್ಲುತ್ತಿದ್ದಳು. ಹಿಂದೆ ಬುಟ್ಟಿ ಹೊತ್ತು ನಾನು. ಬದುವಿನ ಹತ್ತಿರದ ತೆನೆ ಎಷ್ಟು ಚೆಂದ ಇದ್ದರೂ ಬೇಡ, ಅದಕ್ಕೆ ಪಕ್ಕದವರ ಹೊಲದ ಗಾಳಿ ತಾಗಿರುತ್ತದೆ. ಎಲ್ಲಕ್ಕಿಂತ ಎತ್ತರದ ಗಿಡ ಬೇಡ, ಗಾಳಿಗೆ ಮುರಿಯುತ್ತದೆ. "ಮದಲ ಗಿಡಾ ನೋಡು, ಆಮ್ಯಾಲ ತೆನಿ ನೋಡು, ಕಡೀಕ ಕಾಳು ನೋಡು. ಹೆಣ್ಣ ನೋಡಾಕ ಬಂದ ಮಂದಿ ಹಂಗ ಬರೇ ಮಾರಿ ನೋಡಿ ಓಡಬಾರದು" ಎನ್ನುತ್ತಿದ್ದಳು. ಕಾಳನ್ನು ಮುಂದಿನ ಹಲ್ಲಲ್ಲಿ ಇಟ್ಟು ಕಟಕ್ಕೆಂದು ಕಡಿಯುವಳು. ಆ ಸದ್ದು ಸರಿ ಬಂದರೆ ಕುಡುಗೋಲು, ಇಲ್ಲದಿದ್ದರೆ ಮುಂದಿನ ಸಾಲು. ಮಿರಗ ಹತ್ತಿರ ಬಂದಾಗ ಜಂತೆಯ ತೆನೆ ಇಳಿಸಿ, ಎತ್ತಿನ ಕಾಲಿಗೆ ಹಾಕದೆ, ಬಡಿಗೆಯಿಂದಲೂ ಬಡಿಯದೆ, ಅಂಗೈಯಲ್ಲೇ ತಿಕ್ಕಿ ಕಾಳು ಬಿಡಿಸುತ್ತಿದ್ದಳು. ಬಡಿದ ಕಾಳು ಒಳಗೇ ನೊಂದಿರುತ್ತದೆ, ನೊಂದದ್ದು ಮೇಲೆ ಬರಲು ಮನಸ್ಸು ಮಾಡುವುದಿಲ್ಲ ಎಂಬುದು ಅವಳ ಮಾತು. ಆಮೇಲೆ ಬೂದಿ, ಬೇವಿನೆಲೆ ಬೆರೆಸಿ ಗಡಿಗೆಗೆ ತುಂಬಿ, ಬಾಯಿಗೆ ಸಗಣಿ ಮೆತ್ತಿ ಇಡುವಳು. ಬಿತ್ತುವ ಮೂರು ದಿನ ಮೊದಲು ಇಪ್ಪತ್ತೊಂದು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವಳು. ಮೈಯ ಬಿಸಿಗೆ ಅವು ಮೊಳೆಯಬೇಕು. ಮೂರನೆಯ ದಿನ ಬಟ್ಟೆ ಬಿಚ್ಚುವಾಗ ಮನೆಯವರೆಲ್ಲ ಸುತ್ತ ಬಂದು ಕೂಡುತ್ತಿದ್ದೆವು. ಹದಿನೆಂಟು ಮೊಳೆತರೆ ಆಯಿಯ ಮುಖ ಅರಳುವುದು. ಹದಿನೈದಕ್ಕೆ ಇಳಿದರೆ ಆ ಗಡಿಗೆ ಬಿತ್ತಲಿಕ್ಕಿಲ್ಲ, ಬೀಸಲಿಕ್ಕೆ.

ಈ ಕೆಲಸಕ್ಕೆ ಊರಲ್ಲಿ ಒಂದೇ ಹೆಸರು, ಕೈಗುಣ. ಗುರಮ್ಮನ ಕೈಗುಣ ಎಂದರೆ ಕಲ್ಲು ಬಿತ್ತಿದರೂ ಬೆಳೆಯುತ್ತದೆ ಎಂದು ನಗೆಯಾಡುತ್ತಲೇ ಏಳು ಮನೆಯ ಹೆಂಗಸರು ಪ್ರತಿ ಮಿರಗಕ್ಕೆ ಆಯಿಯ ಮುಂದೆ ಉಡಿ ಒಡ್ಡಿ ನಿಲ್ಲುತ್ತಿದ್ದರು. ಅವರಲ್ಲಿ ಮೊದಲು ಬರುವವಳು ಹಿಂದಿನ ಮನೆಯ ರಸೂಲ್‌ಬಿ ಖಾಲಾ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಲ್ಲಿ ರೊಟ್ಟಿಬುಟ್ಟಿ ಹಿಡಿಸುವಷ್ಟು ಒಂದು ಕಿಂಡಿ. ಅವಳ ಗಂಡ ಮಹಿಬೂಬ ಮಾಮು ನಾಲ್ಕು ಎಕರೆಯ ಒಕ್ಕಲು, ಅವರ ಹೊಲ ನಮ್ಮ ಹೊಲಕ್ಕೆ ತಾಗಿಯೇ ಇತ್ತು. ಆಯಿ ರಸೂಲ್‌ಬಿಗಿಂತ ಎಷ್ಟೋ ದೊಡ್ಡವಳಾದರೂ ಇಬ್ಬರ ಮಾತು ಒಂದೇ ವಾರಿಗೆಯವರದು. "ಬಂದಿಯೇನ, ನಿನ್ನ ಉಡಿ ದೊಡ್ಡದು, ನನ್ನ ಗಡಿಗಿ ಸಣ್ಣದು" ಎಂದು ಆಯಿ. "ಉಡಿ ದೊಡ್ಡದಿದ್ರ ದುವಾನೂ ದೊಡ್ಡದಿರತದ ಅಕ್ಕಾ, ಕಂಜೂಸಿ ಮಾಡಬ್ಯಾಡ್ರಿ, ಹಾಕ್ರಿ" ಎಂದು ಖಾಲಾ. ಬೀಜಕ್ಕೆ ಬದಲು ಏನನ್ನೂ ಕೇಳಬಾರದು, ಕೊಡಲೂಬಾರದು ಎಂಬುದು ಕಟ್ಟಳೆ. ಬೆಳೆ ಬಂದ ಮೇಲೆ ಕಿಂಡಿಯಲ್ಲಿ ಮೊದಲ ಜೋಳದ ರೊಟ್ಟಿ ಬಂದರೆ ಮುಗಿಯಿತು. ಆ ಜೋಳಕ್ಕೆ ನಮ್ಮಲ್ಲಿ ಹೆಸರು ಕೂಡ ಇರಲಿಲ್ಲ. ಜೋಳ ಎಂದರೆ ಅದೇ. ಬೇರೆ ಒಂದು ಇದ್ದರೆ ತಾನೇ ಇದಕ್ಕೆ ಹೆಸರು ಬೇಕು?

ಹೈಬ್ರೀಡ್ ಬಂದದ್ದು ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ. ಗ್ರಾಮಸೇವಕ ಹುಮನಾಬಾದಿನಿಂದ ಸೈಕಲ್ ಮೇಲೆ ಬಂದು ಕಟ್ಟೆಯ ಮೇಲೆ ಗಂಡಸರನ್ನು ಕೂಡಿಸಿ ಏನೇನೋ ಹೇಳಿ ಹೋದ. ಅಪ್ಪ ಒಂದು ಬಿಳಿ ಅರಿವೆಯ ಚೀಲ ತಂದ. ಚೀಲದ ಮೇಲೆ ಇಂಗ್ಲಿಷಿನಲ್ಲಿ ಸಣ್ಣ ಸಣ್ಣ ಅಕ್ಷರ. ಅದನ್ನು ಯಾರೂ ಓದಲಿಲ್ಲ. ಖಾಲಿಯಾದ ಮೇಲೆ ಅವ್ವ ಒಗೆದು ನನಗೆ ಸಾಲಿಯ ಪಾಟಿಚೀಲ ಹೊಲಿದುಕೊಟ್ಟಳು. ಮುದುಕಿ ಹೊಸ ಬೀಜವನ್ನು ಬೈದಳು, ಮಗ ಹಟ ಮಾಡಿ ಬಿತ್ತಿದ ಎಂದು ಹೇಳಿದರೆ ಕತೆ ಸುಲಭವಾಗುತ್ತಿತ್ತು. ನಿಜ ಹಾಗಿರಲಿಲ್ಲ. ಹಿಂಜರಿದವನು ಅಪ್ಪ. "ಬರಲಿಲ್ಲಂದ್ರ ಏನ್ ಮಾಡೋದವ್ವಾ" ಎಂದು ಚೀಲ ಮುಂದಿಟ್ಟುಕೊಂಡು ಕುಳಿತವನಿಗೆ, "ಬಂದ್ರ ಏನ್ ಮಾಡೋದಂತ ಯಾಕ ಕೇಳವಲ್ಲಿ?" ಎಂದವಳು ಆಯಿ. ಅವಳು ಹಸಿವು ಕಂಡವಳು. ಅವಳು ಸಣ್ಣವಳಿದ್ದಾಗ ಹುಣಸೆಬೀಜ ಹುರಿದು ಬೀಸಿ ಹಿಟ್ಟಿಗೆ ಬೆರೆಸಿ ರೊಟ್ಟಿ ಬಡಿಯುತ್ತಿದ್ದರಂತೆ. ಆ ರೊಟ್ಟಿ ತಿಂದು ಹೊಟ್ಟೆ ಹಿಡಿದುಕೊಂಡು ಹೊರಳಾಡಿದ ತಂಗಿಯ ಹೆಸರನ್ನು ಆಯಿ ಕೊನೆಯ ತನಕ ಒಂದೇ ಉಸಿರಿಗೆ ಹೇಳುತ್ತಿರಲಿಲ್ಲ. ಅಂಥವಳಿಗೆ ಹೆಚ್ಚು ಬೆಳೆಯುವ ಜೋಳವೆಂದರೆ ದೇವರು ಚೀಲದೊಳಗೆ ಕುಳಿತು ಬಂದಂತೆ ಇತ್ತು. ಎರಡು ಎಕರೆಗೆ ಅದನ್ನು ಹಾಕಿದರು, ಉಳಿದದ್ದಕ್ಕೆ ನಮ್ಮದು.

ಆ ವರ್ಷದ ರಾಶಿಯನ್ನು ಹೇಗೆ ಹೇಳಲಿ? ಗಿಡಗಳು ನಮ್ಮ ಸೊಂಟದಷ್ಟು, ಎಲ್ಲ ಒಂದೇ ಎತ್ತರ, ಹುಡುಗರನ್ನು ಪ್ರಾರ್ಥನೆಗೆ ನಿಲ್ಲಿಸಿದ ಹಾಗೆ. ತೆನೆ ನನ್ನ ಎರಡೂ ಕೈಗೆ ಹಿಡಿಸುತ್ತಿರಲಿಲ್ಲ. ಎರಡು ಎಕರೆಯ ಜೋಳ ಉಳಿದ ಹೊಲದ ಜೋಳವನ್ನು ಮುಚ್ಚಿಹಾಕಿತು. ಕಾಳಿನ ಗುಮ್ಮಿ ತುಂಬಿತು, ನೆಲದೊಳಗಿನ ಹಗೆ ತುಂಬಿತು, ಆಮೇಲೆ ಇಡಲು ಜಾಗವಿಲ್ಲದೆ ಮಲಗುವ ಕೋಣೆಯಲ್ಲಿ ಚೀಲ ಪೇರಿಸಿದರು. ನಾನೂ ಬಸಣ್ಣನೂ ಆ ಚಳಿಗಾಲವೆಲ್ಲ ಜೋಳದ ಚೀಲಗಳ ಮೇಲೆಯೇ ಮಲಗಿದೆವು. ಆಯಿ ದಿನಕ್ಕೆ ಹತ್ತು ಸಲ ಬಂದು ಚೀಲಗಳನ್ನು ಅಂಗೈಯಿಂದ ತಟ್ಟಿ ಹೋಗುವಳು, ಎಮ್ಮೆಯ ಬೆನ್ನು ತಟ್ಟುವ ಹಾಗೆ. ರೊಟ್ಟಿ ಸ್ವಲ್ಪ ಬಿರುಸು, ಸವಿ ಕಡಿಮೆ ಎಂದು ಅವ್ವ ಮೂಗು ಮುರಿದರೆ, "ಸವಿ ಬೇಕಂದ್ರ ಬೆಲ್ಲಾ ಹಚಗೊ. ಹೊಟ್ಟಿ ತುಂಬತದಿಲ್ಲ?" ಎಂದು ಗದರುವಳು.

ಆ ಬೆಳೆ ನಿಂತಿರುವಾಗಲೇ, ಕೊಯ್ಲಿಗೆ ಎಂಟು ದಿನ ಮೊದಲು, ಆಯಿ ಎಂದಿನಂತೆ ಕುಡುಗೋಲು ಹಿಡಿದು ಹೈಬ್ರೀಡ್ ಹೊಲದ ನಡುವೆ ಹೋಗಿ ನಿಂತಿದ್ದಳು. ಹಿಂದೆ ಬುಟ್ಟಿ ಹೊತ್ತು ನಾನಿದ್ದೆ. ಅವಳ ಜನ್ಮದಲ್ಲಿ ಅಂಥ ತೆನೆ ಅವಳು ಆರಿಸಿರಲಿಲ್ಲ. ಹುಡುಕುವುದೇ ಬೇಡ, ಯಾವುದನ್ನು ಮುಟ್ಟಿದರೂ ಅದೇ ಚೆಂದ. "ಇದೇನ ಮಗಾ, ಎಲ್ಲಾ ಕನ್ಯೇನೂ ಪಾಸೇ ಆಗಾಕತ್ತಾವಲ್ಲ" ಎಂದು ನಕ್ಕಳು. ಕಾಳು ಕಡಿದಳು, ಕಟಕ್ಕೆಂದಿತು. ಜಂತೆ ತುಂಬಿತು. ಮಿರಗಕ್ಕೆ ಕಾಳು ಬಿಡಿಸಿದಾಗ ಗಡಿಗೆ ಸಾಲಲಿಲ್ಲ, ಯಾಕೆಂದರೆ ಈ ಸಲ ಏಳೂ ಮನೆಯ ಹೆಂಗಸರು ಹೊಸ ಜೋಳವನ್ನೇ ಕೇಳಿದ್ದರು. ಆಗ ಆಯಿ ಹಳೆಯ ಜೋಳದ ಬೀಜದ ಗಡಿಗೆಗಳ ಬಾಯಿಯ ಸಗಣಿ ಒಡೆದು, ಬೂದಿ ಕೇರಿ, ಕಾಳನ್ನೆಲ್ಲ ಬೀಸಲು ಹಾಕಿದಳು. ಕಿಂಡಿಯಲ್ಲಿ ಮುಖ ಹಾಕಿ ನೋಡುತ್ತಿದ್ದ ರಸೂಲ್‌ಬಿ ಖಾಲಾ ಕೇಳಿದಳು. "ಅಕ್ಕಾ, ಹಳೇದು ಒಂದ್ ಗಡಿಗಿ ಇಟ್ಟಿರ್ರಿ. ಹೊಸಾದು ಕೈ ಕೊಟ್ರ ಮುಂದ?" "ಮನಿಯಾಗ ರಾಣಿ ಬಂದ ಮ್ಯಾಲ ದಾಸೀಗಿ ಯಾಕ ಖೋಲಿ ಕೊಡಲಿ?" ಎಂದು ಆಯಿ ಬೀಸುಕಲ್ಲು ತಿರುಗಿಸಿದಳು. ಆ ಹಿಟ್ಟಿನ ರೊಟ್ಟಿ ಮೆತ್ತಗೆ, ಸಿಹಿಯಾಗಿ ಇದ್ದವು. ನಾನು ಮೂರು ತಿಂದೆ. ಹೊಲದಿಂದ ಬಂದ ಹಳೆಯ ಜೋಳ ಅಷ್ಟೊತ್ತಿಗೆ ಉಂಡು ಮುಗಿದಿತ್ತು. ನಮ್ಮ ಜೋಳದ ಕೊನೆಯ ರೊಟ್ಟಿ ಅದು ಎಂದು ಗೊತ್ತಿದ್ದರೆ ಇನ್ನೂ ನಿಧಾನ ತಿನ್ನುತ್ತಿದ್ದೆನೇನೋ.

ಒದ್ದೆ ಬಟ್ಟೆಯ ಪರೀಕ್ಷೆ ಆಯಿತು. ಮೂರನೆಯ ದಿನ ಬಿಚ್ಚಿದರೆ ಇಪ್ಪತ್ತೊಂದಕ್ಕೆ ಇಪ್ಪತ್ತೊಂದೂ ಬಿಳಿಯ ಮೊಳಕೆ ತೋರಿಸಿ ಕುಳಿತಿದ್ದವು. ಹಿಂದೆಂದೂ ಹಾಗೆ ಆಗಿರಲಿಲ್ಲ. ಆಯಿ ಆ ಬಟ್ಟೆಯನ್ನು ಅಂಗೈಮೇಲೆ ಇಟ್ಟುಕೊಂಡು ಮನೆಮನೆಗೆ ತೋರಿಸಿ ಬಂದಳು. ಏಳು ಉಡಿ ತುಂಬಿದವು. ಮಹಿಬೂಬ ಮಾಮು ನಾಲ್ಕೂ ಎಕರೆಗೆ ಅದನ್ನೇ ಬಿತ್ತಿದ. ಬೀಜ ಒಂದೂ ಹುಸಿಹೋಗದೆ ಹುಟ್ಟಿತು. ಶ್ರಾವಣದ ತನಕ ಎಲ್ಲವೂ ಹಸಿರೇ.

ಆಮೇಲೆ ಹೊಲ ತನ್ನ ಬಣ್ಣ ತೋರಿಸತೊಡಗಿತು. ಒಂದು ಗಿಡ ಆಳೆತ್ತರ, ಅದರ ಪಕ್ಕದ್ದು ಮೊಳಕಾಲಿನಷ್ಟು. ಒಂದು ತೆನೆ ಹಾಲುಗಾಳು ಕಟ್ಟಿದಾಗ ಇನ್ನೊಂದು ಗಿಡಕ್ಕೆ ಇನ್ನೂ ತೆನೆಯ ಸುಳಿವೇ ಇಲ್ಲ. ಕೆಲವು ತೆನೆ ನೋಡಲು ತೆನೆಯೇ, ತಿಕ್ಕಿ ನೋಡಿದರೆ ಒಳಗೆ ಬರೀ ಹೊಟ್ಟು, ಕಾಳೇ ಕಟ್ಟಿರಲಿಲ್ಲ. ಸಂತೆಯಲ್ಲಿ ಹತ್ತೂರ ಜನ ನಿಂತ ಹಾಗೆ ಇತ್ತು ಹೊಲ. ಒಂದೇ ಸಲ ಹಣ್ಣಾಗುವ ಬೆಳೆಗೆ ಹಕ್ಕಿ ಎಂಟು ದಿನ ಬಂದು ಹೋಗುತ್ತದೆ. ಇದು ದಿನಕ್ಕೆ ಒಂದಿಷ್ಟು ಹಣ್ಣಾಗತೊಡಗಿದ್ದರಿಂದ ಹಕ್ಕಿಗಳು ತಿಂಗಳುಗಟ್ಟಲೆ ಅಲ್ಲೇ ಬಿಡಾರ ಹೂಡಿದವು. ಮಂಚಿಕೆಯ ಮೇಲೆ ನಿಂತು ಕವಣೆ ಬೀಸಿ ಬೀಸಿ ಮಹಿಬೂಬ ಮಾಮುವಿನ ಗಂಟಲು ಬಿದ್ದುಹೋಯಿತು. ನಮ್ಮ ಮನೆಯಲ್ಲಿ ಹಿಂದಿನ ವರ್ಷದ ಚೀಲಗಳಿದ್ದವು, ನಾವು ಉಂಡೆವು. ಖಾಲಾನ ಮನೆಯಲ್ಲಿ ಅದೂ ಇರಲಿಲ್ಲ. ಕಿಂಡಿಯಿಂದ ಆಯಿ ಬುಟ್ಟಿ ತುಂಬ ಜೋಳ ದಾಟಿಸಿದರೆ ಖಾಲಾ ತೆಗೆದುಕೊಂಡಳು, ಆದರೆ ದುವಾ ಎನ್ನಲಿಲ್ಲ, ಕಂಜೂಸಿ ಎನ್ನಲಿಲ್ಲ. ಆ ಚಳಿಗಾಲ ಮುಗಿಯುವ ಮೊದಲೇ ಮಾಮುವಿಗೆ ಹುಮನಾಬಾದಿನ ಕಾರ್ಖಾನೆಗಳ ಕಡೆ ಕಾವಲುಗಾರನ ಕೆಲಸ ಸಿಕ್ಕಿತು. ಹೊಲವನ್ನು ಪಾಲಿಗೆ ಹಾಕಿ, ಹಾಸಿಗೆ ಸುತ್ತಿ, ಬಂಡಿ ಏರಿ ಹೊರಟರು. ಹೊರಡುವಾಗ ಖಾಲಾ ಒಳಗೆ ಬಂದು ಅವ್ವನ ಕೈ ಹಿಡಿದಳು, ನನ್ನ ಗಲ್ಲ ಸವರಿದಳು. ಆಯಿ ಅಡಿಗೆಮನೆಯಲ್ಲಿ ಒಲೆಗೆ ಮುಖ ಮಾಡಿ ಕುಳಿತಿದ್ದವಳು ತಿರುಗಲಿಲ್ಲ. ಖಾಲಾ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡಿ ಹೋದಳು. ಖಾಲಾ ಸಿಟ್ಟಾಗಿದ್ದಾಳೆಂದು ಆಯಿ ತಿಳಿದಳು.

ಊರಲ್ಲಿ ಮಾತು ಇರದೆ ಇರುತ್ತದೆಯೇ? ಬಾವಿಯ ಕಟ್ಟೆಯ ಮೇಲೆ ಒಬ್ಬಳು, "ಗುರಮ್ಮಾಯಿ ಈ ವರ್ಷ ಕೈಯಿ ಎಲ್ಲಿ ಮರತು ಬಂದಿದ್ಳೋ" ಎಂದದ್ದು ಆಯಿಯ ಕಿವಿಗೇ ಬಿತ್ತು. ಆಯಿ ಕೊಡ ಅಲ್ಲೇ ಇಟ್ಟು ಮನೆಗೆ ಬಂದಳು. ಅವಳಿಗೆ ಕಾರಣ ಬೇರೆಯವರು ಹೇಳಬೇಕಿರಲಿಲ್ಲ, ತಾನೇ ಕಂಡುಕೊಂಡಿದ್ದಳು. ಬೀಜ ಬೀಸಿ ತಿಂದೆವು. ತಲೆತಲಾಂತರದ ಬೀಜವನ್ನು ಗಡಿಗೆ ಒಡೆದು ರೊಟ್ಟಿ ಮಾಡಿ ಉಂಡವಳ ಕೈಗೆ ಭೂಮಿತಾಯಿ ಹ್ಯಾಂಗ ಒಲಿದಾಳು? ಅಪ್ಪ ಆ ವರ್ಷ ಹುಮನಾಬಾದಿಗೆ ಹೋಗಿ ಬಂದವನು ಎತ್ತಿಗೆ ಮೇವು ಹಾಕುತ್ತ ಅಂದ, "ಇನ್ನ ಮುಂದ ಬೀಜ ವರ್ಷಾ ನಾನೇ ತರತೀನವ್ವಾ. ನೀ ಬಿಟ್ಟಬಿಡು." ಅಷ್ಟೇ. ಆಯಿ "ಹೂಂ" ಎಂದಳು. ಮರುದಿನ ಜಂತೆಯ ಹಗ್ಗಗಳನ್ನು ಬಿಚ್ಚಿ, ಸುರುಳಿ ಸುತ್ತಿ, ಅವ್ವನ ಕೈಗೆ ಕೊಟ್ಟು, "ಬಾವೀಗಿ ಬೇಕಾಗತಾವ" ಎಂದಳು. ಆಮೇಲೆ ಅವಳು ಬೀಜ ಮುಟ್ಟಲಿಲ್ಲ. ಬಿತ್ತುವ ದಿನ ಕೂರಿಗೆಗೆ ಕುಂಕುಮ ಹಚ್ಚಲು ಕರೆದರೂ ಬಾರದೆ, ನನ್ನನ್ನು ಕಳಿಸಿದಳು. ಅಂಗಳದಲ್ಲಿ ಅವರೆ ಬಳ್ಳಿ ಹಬ್ಬಿಸಬೇಕೆಂದರೂ, "ಏ ಹುಡುಗೀ, ನೀ ಊರು, ನನ್ನ ಕೈ ಬ್ಯಾಡ" ಎನ್ನುವಳು. ನಾನು ಕುಣಿಯೊಳಗೆ ಕಾಳು ಹಾಕುವಾಗ ಅವಳು ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಲ್ಲುತ್ತಿದ್ದಳು.

ಒಂದು ಮಾತು ಮುಚ್ಚಿಡಬಾರದು. ಮುಂದಿನ ವರ್ಷಗಳಲ್ಲಿ ಅಪ್ಪ ಪ್ರತಿ ಮಿರಗಕ್ಕೆ ಹೊಸ ಚೀಲ ತಂದ, ಗೊಬ್ಬರ ತಂದ, ಬೆಳೆ ಮತ್ತೆ ಮೊದಲಿನಂತೆ ಪ್ರಾರ್ಥನೆಯ ಸಾಲಿನ ಹಾಗೆ ನಿಂತಿತು. ಊರಿನ ಯಾವ ಮಗುವೂ ಹುಣಸೆಬೀಜದ ರೊಟ್ಟಿ ತಿನ್ನಲಿಲ್ಲ. ಮಣ್ಣಿನ ಮಾಳಿಗೆಗಳು ಗಚ್ಚಿನ ಮನೆಗಳಾದವು. ನಾನು ಕಾಲೇಜು ಕಂಡದ್ದು ಆ ಜೋಳದಿಂದಲೇ. ಆಮೇಲೆ ಉದ್ದು ಬಂತು, ತೊಗರಿ ಬಂತು, ಈಗ ಕಣ್ಣು ಹಾಯುವಷ್ಟೂ ಸೋಯಾ. ತಿಂಗಳ ಕೆಲಸವನ್ನು ಸಲೀಮನ ಟ್ರ್ಯಾಕ್ಟರು ಒಂದು ಹೊತ್ತಿನಲ್ಲಿ ಮುಗಿಸುತ್ತದೆ. ಇದನ್ನೆಲ್ಲ ಬೈದರೆ ನನ್ನ ಬಾಯಿಗೆ ಹುಳ ಬೀಳಲಿ. ಹಸಿದ ದಿನ ಮರಳಿ ಬರಲಿ ಎಂದು ಯಾವ ಹುಚ್ಚಿ ಬೇಡುತ್ತಾಳೆ? ಆದರೆ ಹೊಟ್ಟೆ ತುಂಬಿದ ಮನೆಯಲ್ಲಿ ಒಬ್ಬಳು ತನ್ನ ಕೈಗಳನ್ನು ಮುಚ್ಚಿಕೊಂಡು ಕುಳಿತಿದ್ದಳು. ಅದನ್ನು ನಾವು ಮುಪ್ಪು ಎಂದು ತಿಳಿದೆವು.

ಹುಮನಾಬಾದಿನಲ್ಲಿ ಪಿಯುಸಿ ಓದುವಾಗ ಒಂದು ದಿನ ಮೇಡಮ್ಮು ಹಲಗೆಯ ಮೇಲೆ ಬಟಾಣಿ ಗಿಡದ ಪಾಠ ಬರೆದರು. ಎತ್ತರದ ಜಾತಿ, ಗಿಡ್ಡ ಜಾತಿ, ಎರಡನ್ನೂ ಕೂಡಿಸಿದರೆ ಮೊದಲ ಪೀಳಿಗೆ ಎಲ್ಲವೂ ಒಂದೇ ಸಮ. ಅದರದೇ ಬೀಜ ಹಿಡಿದು ಬಿತ್ತಿದರೆ ಎರಡನೆಯ ಪೀಳಿಗೆಯಲ್ಲಿ ಅಜ್ಜ ಅಜ್ಜಿಯ ಗುಣಗಳೆಲ್ಲ ಬೇರೆ ಬೇರೆಯಾಗಿ ಹೊರಬೀಳುತ್ತವೆ, ಒಂದು ಎತ್ತರ, ಒಂದು ಗಿಡ್ಡ. ಆದ್ದರಿಂದಲೇ ಹೈಬ್ರೀಡ್ ಬೀಜವನ್ನು ರೈತರು ಪ್ರತಿ ವರ್ಷ ಹೊಸದಾಗಿ ತರಬೇಕಾಗುತ್ತದೆ ಎಂದರು. ನನ್ನ ಕಣ್ಣ ಮುಂದೆ ಬಟಾಣಿ ಇರಲಿಲ್ಲ. ರಸೂಲ್‌ಬಿ ಖಾಲಾನ ನಾಲ್ಕು ಎಕರೆ ಇತ್ತು. ಉಳಿದ ಕ್ಲಾಸು ಬಿಟ್ಟು ಬಸ್ಸು ಹಿಡಿದೆ. ಬಸ್ಸಿಳಿದು ಆ ಒಂದು ಹರದಾರಿಯನ್ನು ನಡೆದೆನೋ ಓಡಿದೆನೋ. ಅಪ್ಪ ಅವ್ವ ಹೊಲದಲ್ಲಿದ್ದರು. ಆಯಿ ಪಡಸಾಲೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದಳು. ನೆಲದ ಮೇಲೆ ತೊಗರಿ ಕಾಳು, ಕಡಲೆ ಕಾಳು ಹರವಿ, ಇದು ಎತ್ತರ, ಇದು ಗಿಡ್ಡ, ಇದು ತಾಯಿ, ಇದು ಮಗಳು ಎಂದು ಜೋಡಿಸಿ ಜೋಡಿಸಿ ತೋರಿಸಿದೆ. ಆಯಿ ಬತ್ತಿ ಕೆಳಗಿಟ್ಟು ಎಲ್ಲವನ್ನೂ ಕೇಳಿದಳು. ಅವಳಿಗೆ ತಿಳಿಯಿತು ಎಂಬುದು ಅವಳ ಕಣ್ಣಲ್ಲಿ ಕಾಣುತ್ತಿತ್ತು. ಕೊನೆಗೆ, "ನಿನ್ನ ಕೈದೇನೂ ತಪ್ಪಿಲ್ಲ ಆಯಿ, ಆ ಬೀಜಾನೇ ಹಂಗದ" ಎಂದೆ.

ಆಯಿ ನನ್ನ ತಲೆಯ ಮೇಲೆ ಕೈ ಇಟ್ಟಳು. "ಮನಷ್ಯಾ ಸುಳ್ಳ ಹೇಳತಾನ ಮಗಾ. ಕಾಳು ಹೇಳತದೇನು? ಇಪ್ಪತ್ತೊಂದಕ್ಕ ಇಪ್ಪತ್ತೊಂದು ಮೊಳಕಿ ತೋರಿಸ್ತು ನನಗ. ಅದರ ಮ್ಯಾಲ ತಪ್ಪ ಹ್ಯಾಂಗ ಹೊರಸಲಿ?" ಆಮೇಲೆ, "ನನ್ನ ಮ್ಯಾಲ ಜೀವ ಅದ ನಿಂದು. ಅದಕ್ಕ ಹಿಂಗ ಹೇಳಾಕತ್ತೀದಿ" ಎಂದು ನಕ್ಕಳು. ನಾನು ಪುಸ್ತಕ ತೆಗೆದು ತೋರಿಸಿದೆ. ಚಿತ್ರ ಚೆಂದ ಇದೆ ಎಂದಳು. ನನಗೆ ಹದಿನೇಳು ವರ್ಷ. ಅಪ್ಪ ಬರಲಿ, ಅಪ್ಪನಿಂದ ಹೇಳಿಸೋಣ ಎಂದು ಹೊಳೆಯಲಿಲ್ಲ. ಕಾಳುಗಳನ್ನು ಬಳಿದು ಡಬ್ಬಿಗೆ ಹಾಕುವಾಗ ಒಂದು ಕಡಲೆ ಉರುಳಿ ಆಯಿಯ ಮೊಳಕಾಲಿನ ಹತ್ತಿರ ಹೋಯಿತು. ಅವಳು ಅದನ್ನು ಎತ್ತಿ ಕೊಡಲಿಲ್ಲ. ಕಾಲು ಸರಿಸಿ, ನನಗೆ ಕಾಣುವ ಹಾಗೆ ಜಾಗ ಬಿಟ್ಟಳು.

ಆಯಿ ಹೋದದ್ದು ಅದಾಗಿ ಮೂರು ವರ್ಷಕ್ಕೆ, ಒಂದು ಬೇಸಗೆ. ನಮ್ಮದೇ ಹೊಲದ ಬೇವಿನ ಮರದ ಕೆಳಗೆ ಮಣ್ಣು ಮಾಡಿದೆವು. ಐದನೆಯ ದಿನ ಮಧ್ಯಾಹ್ನ ಹುಮನಾಬಾದಿನಿಂದ ರಸೂಲ್‌ಬಿ ಖಾಲಾ ಸೊಸೆಯ ಕೈ ಹಿಡಿದುಕೊಂಡು ಬಂದಳು. ಬುರ್ಖಾದ ಮುಖಪಟ ಮೇಲೆ ಎತ್ತಿದಾಗ ಅವಳ ಹಣೆಯ ಕೂದಲೆಲ್ಲ ಬೆಳ್ಳಗಾಗಿದ್ದು ಕಂಡಿತು. ಅಪ್ಪ ಗೋಡೆಗೆ ಒರಗಿ ಕುಳಿತಿದ್ದ, ಅವ್ವ ನೀರು ತಂದುಕೊಟ್ಟಳು. ಖಾಲಾ ಅತ್ತು ಮುಗಿಸಿದ ಮೇಲೆ ಅವ್ವ ತಡೆಯಲಾರದೆ ಕೇಳಿದಳು. "ಇಷ್ಟ ವರ್ಷಾ ಒಂದ್ ಸಲನೂ ಬರಲಿಲ್ಲಲ್ಲ ರಸೂಲ್‌ಬಿ. ಅತ್ತಿ ನಿಮ್ಮ ಹೊಲಾ ಹಾಳ ಮಾಡಿದೆ ಅಂತ ಕೊರಗಿ ಕೊರಗೀನೇ ಹೋದ್ರು."

ಖಾಲಾ ತಬ್ಬಿಬ್ಬಾದಳು. "ಅರೇ, ಅಕ್ಕಾ ಹೊಲಾ ಹಾಳ ಮಾಡಿದ್ರಂತ ಯಾರಂದ್ರು? ಅದು ಎರಡನೇ ಸಲ ಬಿತ್ತೋ ಬೀಜಾನೇ ಅಲ್ಲಂತ. ಗ್ರಾಮಸೇವಕ ಹೇಳಿದ್ನಂತ. ನಮ್ಮವರು ಅವತ್ತೇ ಬಂದು ನನಗ ಹೇಳಿದ್ರು. ಅಕ್ಕಾಗೂ ಗೊತ್ತದ ಅಂತ ತಿಳದಿನಿ ನಾ. ಗೊತ್ತಿದ್ದೂ ನಮ್ಮ ಮನಿ ಉಪಾಸ ಬಿತ್ತಂತ ಸಂಕಟ ಪಟ್ಟು ಮಾರಿ ತಿರವ್ಯಾರ, ನಾ ಹೋಗಿ ಮುಂದ ನಿಂತ್ರ ಇನ್ನಾ ನೋಯ್ತಾರ ಅಂತ ಬರಲಿಲ್ಲ." ಹೇಳುತ್ತ ಅವಳು ಅಪ್ಪನ ಕಡೆ ತಿರುಗಿದಳು. "ಭಾಯಿ, ನಮ್ಮವರಿಗೆ ಹೇಳಿದ್ದು ನೀವೇ ಅಲ್ರಿ?"

ಅಪ್ಪ ಒರಗಿದ್ದ ಗೋಡೆ ಬಿಟ್ಟು ನೆಟ್ಟಗೆ ಕುಳಿತ. "ಹೌದ್ರಿ. ಹುಮನಾಬಾದಿಗೆ ಹೋಗಿ ಕೇಳಿಕೊಂಡು ಬಂದು ಕಟ್ಟಿ ಮ್ಯಾಲ ಎಲ್ಲಾ ಗಂಡಸರಿಗೂ ಹೇಳಿದೆ. ಅವ್ವಗ..." ಎಂದು ನಿಲ್ಲಿಸಿದ. "ಬಿಟ್ಟಬಿಡು ಅಂದೆ. ಯಾಕಂತ ಹೇಳಲಿಲ್ಲ." ಅವ್ವ ಚಹಾ ಇಟ್ಟಳು. ಖಾಲಾ ಕುಡಿದು, ನಾಲ್ಕರ ಬಸ್ಸಿಗೆ ಹೊರಟಳು.

ಮರುದಿನ ಬೆಳಿಗ್ಗೆ ಅಪ್ಪ ಚಹಾ ಕೂಡ ಕುಡಿಯದೆ ಒಬ್ಬನೇ ಹೊಲಕ್ಕೆ ಹೋದ. ಬಿಸಿಲು ಏರಿದರೂ ಬಾರದ್ದರಿಂದ ನಾನು ಬುತ್ತಿ ಕಟ್ಟಿಕೊಂಡು ಹೋದೆ. ಬೇವಿನ ಮರದ ಕೆಳಗೆ, ಆಯಿಯ ಮೇಲೆ ಹೊಸದಾಗಿ ಹಾಕಿದ್ದ ಆ ಮಣ್ಣಿನ ಪಕ್ಕದಲ್ಲಿ ಅಪ್ಪ ಚಕ್ಕಂಬಕ್ಕಳ ಹಾಕಿ ಕುಳಿತಿದ್ದ. ಕೊನೆಕೊನೆಗೆ ಆಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಅದಕ್ಕೇ ಇರಬೇಕು, ಅವನು ಗಟ್ಟಿಯಾಗಿ ಮಾತಾಡುತ್ತಿದ್ದ. ಹೈಬ್ರೀಡ್ ಬೀಜ ಹ್ಯಾಂಗ ಮಾಡತಾರ, ಎರಡು ಜಾತಿ ಹ್ಯಾಂಗ ಕೂಡಸತಾರ, ಎರಡನೇ ವರ್ಷ ಅದು ಯಾಕ ಒಡದು ಬ್ಯಾರೆ ಬ್ಯಾರೆ ಆಗತದ ಎಂದು, ಗ್ರಾಮಸೇವಕ ತನಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ, ಮೊದಲಿನಿಂದ ಹೇಳುತ್ತಿದ್ದ. ನಾನು ಬುತ್ತಿ ಹಿಡಿದುಕೊಂಡು ಬದುವಿನ ಮೇಲೆಯೇ ನಿಂತೆ. ಅವನು ಹೇಳಿ ಮುಗಿಸುವ ತನಕ ಹತ್ತಿರ ಹೋಗಲಿಲ್ಲ.